ಇಪ್ಪತ್ತೆಂಟು ಅಂಕ

ಪುಣೆಯಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಮನೆಗಳಲ್ಲಿ ಹಳೆಯ ಟ್ರಂಕು ತೆಗೆದು ನೋಡಿದರೆ ಒಂದು ಕಾಗದ ಸಿಕ್ಕೇ ಸಿಗುತ್ತದೆ: ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಬಿ.ಎ., ಬಿ.ಕಾಂ. ಸರ್ಟಿಫಿಕೇಟುಗಳನ್ನು ಎಲ್ಲೋ ಇಟ್ಟು ಮರೆತವರು ಕೂಡ ಇದನ್ನು ಪ್ಲಾಸ್ಟಿಕ್ ಹೊದಿಸಿ ಜೋಪಾನ ಮಾಡಿರುತ್ತಾರೆ. ಹುಟ್ಟಿದ ತಾರೀಖಿಗೆ ಅದೇ ಸಾಕ್ಷಿ, ತಂದೆಯ ಹೆಸರಿನ ಕಾಗುಣಿತಕ್ಕೆ ಅದೇ ಆಧಾರ. ಊರು ಬಿಟ್ಟು ಬರಲು ನಮಗೆಲ್ಲ ರಹದಾರಿಯಾದದ್ದೂ ಅದೇ. ಆ ರಹದಾರಿ ಈಗ ಹಳ್ಳಿಯ ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಹೇಗೆ ಸಿಗುತ್ತದೆ, ಯಾರ ಕೈಗೆ ಬಂದು ತಪ್ಪಿಹೋಗುತ್ತದೆ ಎಂಬುದನ್ನು ನಮ್ಮ ಸಂಘದ ಬಂಧುಗಳೊಡನೆ ಹಂಚಿಕೊಳ್ಳಬೇಕೆನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕಾಚಾರ. ನಮ್ಮ ಕಾಲದಲ್ಲಿ ಬರೆದದ್ದಕ್ಕಷ್ಟೇ ಅಂಕ. 2014-15ರಿಂದ ಹತ್ತನೆಯ ತರಗತಿಗೂ ನಿರಂತರ ಮೌಲ್ಯಮಾಪನ ಬಂದು, ನೂರರಲ್ಲಿ 80 ಬರವಣಿಗೆಗೆ, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕಕ್ಕೆ ಎಂದಾಯಿತು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಹಳ್ಳಿಯ ಶಾಲೆಯಲ್ಲಿ ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಕೆಲವು ಸರ್ಕಾರಿ ಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್‌ನಂಥ ವೃತ್ತಿ ವಿಷಯ ತೆಗೆದುಕೊಳ್ಳುವ ಸೌಕರ್ಯವೂ ಬಂತು. ನಮ್ಮೂರಿಗೆ ಅದು ತಲುಪಿರಲಿಲ್ಲ. 2025ರ ಪರೀಕ್ಷೆಯವರೆಗೆ ಪಾಸಾಗಲು 80ರ ಪತ್ರಿಕೆಯಲ್ಲಿ ಕನಿಷ್ಠ 28 ಬರಲೇಬೇಕಿತ್ತು. ಇದಲ್ಲದೆ ಹಾಜರಿ ಶೇ. 75 ಇರಬೇಕು. ಇಲ್ಲದಿದ್ದರೆ ಪ್ರವೇಶಪತ್ರವೇ ಇಲ್ಲ.

ನಮ್ಮೂರು ಬಾಗಲಕೋಟೆ ಜಿಲ್ಲೆಯಲ್ಲಿದೆ. ಅಲ್ಲಿಂದ ಪುಣೆಗೆ ಬಂದ ಏಳೆಂಟು ಮನೆಯವರು ಸೇರಿ ಹಲವು ವರ್ಷಗಳಿಂದ ನಾವು ಓದಿದ ಹೈಸ್ಕೂಲಿನಲ್ಲಿ ಶೇ. 90ಕ್ಕಿಂತ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ ಕೊಡುತ್ತ ಬಂದಿದ್ದೇವೆ. ಶಾಲು, ಹಾರ, ಒಂದು ಕವರು, ಒಂದು ಫೋಟೊ. 2024ರಲ್ಲಿ 625ಕ್ಕೆ 625 ಪಡೆದು ಇಡೀ ರಾಜ್ಯಕ್ಕೆ ಮೊದಲು ಬಂದವಳು ನಮ್ಮದೇ ಜಿಲ್ಲೆಯ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ. ಆ ಸುದ್ದಿ ಬಂದ ದಿನ ನಾವು ಇಲ್ಲಿ ಪೇಢೆ ಹಂಚಿದ್ದೆವು. ಸಂತೋಷಪಡುವ ಸಂಗತಿಯೇ. ಆದರೆ ಆ ವರ್ಷ ಉಡುಪಿ ಜಿಲ್ಲೆಯ ಫಲಿತಾಂಶ ಶೇ. 94 ಇದ್ದರೆ ಯಾದಗಿರಿಯದು 50.59. ಈ ಎರಡನೆಯ ಸಂಖ್ಯೆಯ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

2025ರ ಮೇ 2ರಂದು ಫಲಿತಾಂಶ ಬಂತು. ಬಹುಮಾನದ ಹಣ ಕೊಡಲು ಆ ತಿಂಗಳ ಮಧ್ಯದಲ್ಲಿ ಊರಿಗೆ ಹೋದೆ. ಬೇಸಿಗೆ ರಜೆ, ಶಾಲೆಗೆ ಬೀಗ ಇರುತ್ತದೆ, ಹೆಡ್‌ಮಾಸ್ತರರನ್ನು ಮನೆಯಲ್ಲೇ ಕಾಣಬೇಕು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಶಾಲೆ ತೆರೆದೇ ಇದೆ. ಆ ರಣಬಿಸಿಲಲ್ಲಿ, ಫ್ಯಾನು ಕೂಡ ತಿರುಗದ ಕೋಣೆಯಲ್ಲಿ, ಹದಿನಾಲ್ಕು ಮಕ್ಕಳು ಕುಳಿತಿದ್ದಾರೆ. ಗಣಿತದ ಅಕ್ಕಾರು ಬೋರ್ಡಿನ ಮೇಲೆ ನಕ್ಷೆ ಎಳೆಯುತ್ತಿದ್ದಾರೆ. ಎಲ್ಲರೂ ನಪಾಸಾದವರು. 2024ರಿಂದ ‘ಪೂರಕ ಪರೀಕ್ಷೆ’ ಎಂಬ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಆ ಎರಡು ವರ್ಷ ಮೂರು ಅವಕಾಶಗಳಿದ್ದವು. ಎರಡನೆಯದು ಮೇ 26ಕ್ಕೆ ಶುರು.

ಹೆಡ್‌ಮಾಸ್ತರರು ಚಹಾ ತರಿಸಿ, ನನ್ನ ಕೈಯ ಕವರುಗಳನ್ನು ನೋಡಿ ನಕ್ಕರು.

“ಸರ್, ತೊಂಬತ್ತು ತಗೊಂಡಾಂವಗ ನೀವು ಬಹುಮಾನ ಕೊಟ್ರೂ ಅಂವ ಪಾಸ, ಕೊಡದಿದ್ರೂ ಪಾಸ. ಅಲ್ಲಿ ಕುಂತಾಳಲ್ರೀ, ಮೂರನೇ ಸಾಲಿನ್ಯಾಗ, ಆಕಿಗೆ ನಾಕು ಮಾರ್ಕ್ಸು ಯಾರು ಕೊಡಸ್ತೀರಿ ಹೇಳ್ರಿ?”

ಆ ಹುಡುಗಿಯ ಅಂಕಗಳನ್ನು ತೋರಿಸಿದರು. ಕನ್ನಡ 98, ಇಂಗ್ಲಿಷ್ 47, ಹಿಂದಿ 62, ವಿಜ್ಞಾನ 45, ಸಮಾಜ 58. ಗಣಿತದಲ್ಲಿ ಆಂತರಿಕ 18, ಬರವಣಿಗೆಯಲ್ಲಿ 24. ಒಟ್ಟು 352, ಅಂದರೆ ಶೇ. 56ಕ್ಕೂ ಹೆಚ್ಚು. ಆದರೂ ನಪಾಸು. ಎಂಟನೆಯ ತರಗತಿಯಲ್ಲಿ ಅವಳಿಗೆ ಅರ್ಧ ವರ್ಷ ಗಣಿತಕ್ಕೆ ಶಿಕ್ಷಕರೇ ಇರಲಿಲ್ಲವಂತೆ. ಆಮೇಲೆ ಬಂದವರು ಅತಿಥಿ ಶಿಕ್ಷಕರು. ಅವರೂ ಬೇರೆಡೆ ಕೆಲಸ ಸಿಕ್ಕಿ ಹೋದರು. ಈಗಿನ ಅಕ್ಕಾರು ಬಂದದ್ದು ಹತ್ತನೆಯ ತರಗತಿಗೆ. ಎರಡು ವರ್ಷದ ಬೀಜಗಣಿತವನ್ನು ಎಂಟು ತಿಂಗಳಲ್ಲಿ ಯಾರು ತಾನೇ ಕಲಿಸಿಯಾರು?

ಅದಕ್ಕೇ ಶಿಕ್ಷಕರು ‘ಪಾಸಿಂಗ್ ಪ್ಯಾಕೇಜ್’ ಎಂಬುದನ್ನು ಮಾಡಿಕೊಂಡಿದ್ದಾರೆ. ಖಂಡಿತ ಬರುವ ಪ್ರಶ್ನೆಗಳಷ್ಟನ್ನೇ ಆರಿಸಿ ಗಟ್ಟಿ ಮಾಡಿಸುವುದು. ಒಂದು ನಕ್ಷೆ, ಒಂದು ಪ್ರಮೇಯ, ಸರಾಸರಿ ತೆಗೆಯುವ ಲೆಕ್ಕ. ಶಿಕ್ಷಣವೆಂದರೆ ಇದೇನಾ ಎಂದು ಪೇಟೆಯಲ್ಲಿ ಕುಳಿತವರು ಮೂಗು ಮುರಿಯಬಹುದು. ಆ ಕೋಣೆಯಲ್ಲಿ ಅರ್ಧ ತಾಸು ಕುಳಿತರೆ ಮೂಗು ತಾನಾಗಿ ನೆಟ್ಟಗಾಗುತ್ತದೆ. ಹತ್ತನೆಯದು ಪಾಸಾಗದ ಹುಡುಗಿಗೆ ಪಿ.ಯು.ಸಿ. ಇಲ್ಲ, ಡಿಪ್ಲೊಮಾ ಇಲ್ಲ. ಮದುವೆಯ ಮಾತು ಮಾತ್ರ ಇದೆ.

2024ರಲ್ಲಾದರೆ ಅವಳು ಪಾಸಾಗುತ್ತಿದ್ದಳು. ಆ ವರ್ಷ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಾಗ ನಕಲು ನಿಂತು ಫಲಿತಾಂಶ ನೆಲಕಚ್ಚಿತು. ಸರ್ಕಾರ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ 73.40ಕ್ಕೆ ತಂದು ನಿಲ್ಲಿಸಿತು. ಟೀಕೆ ಬಂದ ಮೇಲೆ 2025ರಲ್ಲಿ ಆ ಕೃಪೆ ಇಲ್ಲ. ರಾಜ್ಯದ ಫಲಿತಾಂಶ 62.34. ಕ್ಯಾಮೆರಾ ಹಾಕಿದ್ದು ಸರಿಯೇ ಎಂಬುದು ನನ್ನ ಅಭಿಪ್ರಾಯ. ಆದರೆ ಪರೀಕ್ಷೆಯ ಕೋಣೆಗೆ ಕ್ಯಾಮೆರಾ ಬಂದಷ್ಟು ಬೇಗ ಪಾಠದ ಕೋಣೆಗೆ ಮಾಸ್ತರರು ಬರಲಿಲ್ಲ.

2025ರ ಅಕ್ಟೋಬರಿನಲ್ಲಿ ಸರ್ಕಾರ ನಿಯಮವನ್ನೇ ಸಡಿಲಿಸಿತು. ಒಟ್ಟು ಶೇ. 33, ಅಂದರೆ 625ಕ್ಕೆ 206; ಪ್ರತಿ ವಿಷಯದಲ್ಲಿ ಆಂತರಿಕವೂ ಸೇರಿ 30 ಬಂದರಾಯಿತು. ಸುದ್ದಿ ಓದಿ ಹೆಡ್‌ಮಾಸ್ತರರಿಗೆ ಫೋನು ಮಾಡಿದೆ. ಅವರಿಗೆ ಸಂತೋಷವೂ ಇತ್ತು, ಕಳವಳವೂ ಇತ್ತು. “ಆಂತರಿಕ ಇಪ್ಪತ್ತು ಬಂದ್ರ, ಬರದದ್ದು ಹತ್ತಾದ್ರೂ ಪಾಸ ಆಗ್ತಾನ್ರಿ. ಪಾಸ ಆದಾಂವ ಪಿ.ಯು.ಸಿ.ಗೆ ಹೋಗಿ ಏನ್ ಮಾಡ್ತಾನ?” ಎಂದರು. ಆ ಹುಡುಗಿ ಮಾತ್ರ ಅಷ್ಟರಲ್ಲಿ ಹಳೆಯ ನಿಯಮದಲ್ಲೇ ಗೆದ್ದಾಗಿತ್ತು. ಪರೀಕ್ಷೆ-2ರಲ್ಲಿ ಗಣಿತದ ಬರವಣಿಗೆಯಲ್ಲಿ 33 ತೆಗೆದು, ಹತ್ತಿರದ ಪಟ್ಟಣದ ಸರ್ಕಾರಿ ಕಾಲೇಜಿನಲ್ಲಿ ಕಲಾ ವಿಭಾಗ ಸೇರಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ್ದರಿಂದ ಮನೆಯವರೂ ಹೂಂ ಅಂದರಂತೆ.

ನಿಯಮ ಸಡಿಲಾದರೂ ಪ್ರಯೋಜನವಾಗದವರು ಬೇರೆ ಇದ್ದಾರೆ. ಮೇ ತಿಂಗಳ ಆ ಭೇಟಿಯಲ್ಲೇ ಹೆಡ್‌ಮಾಸ್ತರರು ಇನ್ನೊಂದು ಪುಸ್ತಕ ತೆಗೆದರು, ಹಾಜರಿ ಪುಸ್ತಕ. ದೀಪಾವಳಿ ಮುಗಿದ ಮೇಲೆ ಐದಾರು ಹೆಸರುಗಳ ಮುಂದೆ ಬರೀ ಗೈರುಹಾಜರಿ. ಅಪ್ಪ ಅವ್ವ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹೋದಾಗ ಜೊತೆಗೆ ಹೋದವರು, ಗೌಂಡಿ ಕೆಲಸಕ್ಕೆ ಹೋದವರು. ಒಬ್ಬ ಹುಡುಗನ ಹೆಸರಿನ ಮೇಲೆ ಬೆರಳಿಟ್ಟು, “ಇಂವಾ ನಿಮ್ಮ ಪುಣೆದಾಗ ಅದಾನ್ರಿ. ಲೆಕ್ಕದಾಗ ಶ್ಯಾಣ್ಯಾ ಇದ್ದ. ಹಾಜರಿ ಸಾಲದ ಪರೀಕ್ಷಾಕ ಕೂಡಲಿಲ್ಲ” ಎಂದರು. ನಾವಿರುವ ಸೊಸೈಟಿಗಳ ಗೋಡೆ ಎಬ್ಬಿಸಿದವರಲ್ಲಿ ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯವರು ಎಷ್ಟು ಜನ ಎಂಬುದು ಲಿಫ್ಟು ಹತ್ತಿ ಇಳಿಯುವಾಗ ನಮಗೆ ನೆನಪಾಗುವುದಿಲ್ಲ.

ಹಿಂದಿರುಗಿದ ಮೇಲೆ ನಮ್ಮ ಏಳೆಂಟು ಮನೆಯವರ ಸಭೆ ಕರೆದೆವು. ಚರ್ಚೆ ಜೋರಾಗಿಯೇ ನಡೆಯಿತು. ಪ್ರತಿಭೆಗೆ ಪುರಸ್ಕಾರ ಬೇಡವೇ ಎಂದು ಹಿರಿಯರೊಬ್ಬರು ಬೇಸರಪಟ್ಟರು. ಕೊನೆಗೆ ಹಾರ, ಶಾಲು ಉಳಿಸಿಕೊಂಡು, ಕವರಿನ ಹಣವನ್ನು ಊರಿನಲ್ಲೇ ಇರುವ ನಿವೃತ್ತ ಗಣಿತ ಮಾಸ್ತರರೊಬ್ಬರಿಗೆ ಗೌರವಧನವಾಗಿ ಕೊಡುವುದೆಂದಾಯಿತು. ಎಂಟನೆಯ ತರಗತಿಯಿಂದಲೇ ಸಂಜೆ ಪಾಠ. ಮಾಸ್ತರರು ಹಣ ಬೇಡವೆಂದರು. ಸೀಮೆಸುಣ್ಣ, ನೋಟುಬುಕ್ಕು, ಮಕ್ಕಳಿಗೆ ಚುರುಮುರಿ ಕೊಡಿಸಿರಿ ಸಾಕು ಎಂದರಂತೆ.

ಆ ಹುಡುಗನನ್ನು ರಾವೇತದ ಒಂದು ಕಟ್ಟಡದ ಬಳಿ ಪತ್ತೆ ಹಚ್ಚಿದ್ದು ದಸರೆಯ ಹೊತ್ತಿಗೆ. ಖಾಸಗಿ ಅಭ್ಯರ್ಥಿಯಾಗಿ ಕೂಡಲು ಬರುತ್ತದೆ, ಅರ್ಜಿಯನ್ನು ನಿಮ್ಮ ಸಾಲಿಯಲ್ಲೇ ತುಂಬಿಸುತ್ತಾರೆ ಎಂದೆ. ಅವನ ಕಾಕಾ ಮೊದಲು ಕೂಲಿಯ ಲೆಕ್ಕ ಹೇಳಿ, ಆಮೇಲೆ ಸುಮ್ಮನಾಗಿ, “ಪರೀಕ್ಷಾ ಎಷ್ಟ ದಿನಾ ಇರ್ತಾವ್ರಿ?” ಎಂದು ಕೇಳಿದ. ಹುಡುಗ ಕೈಗೆ ಮೆತ್ತಿದ ಸಿಮೆಂಟು ತೊಳೆದುಕೊಂಡು ಬಂದು, ಪುಸ್ತಕ ಹಳೇವೇ ನಡೆಯುತ್ತವೆಯೋ ಹೊಸವು ಬಂದಿವೆಯೋ ಎಂದು ವಿಚಾರಿಸಿದ. ಹಳೆಯವು ಊರಲ್ಲಿ ಅಜ್ಜಿಯ ಹತ್ತಿರ ಇವೆಯಂತೆ.