ಅಮ್ಮಿ ನೋಡಿರದ ಜಲಪಾತ

ಆಸ್ಟ್ರೇಲಿಯದ ಪರ್ತ್‌ನಲ್ಲಿರುವ ನನ್ನ ನಾದಿನಿ ರಜೆಯಲ್ಲಿ ತೆಗೆದ ಒಂದಷ್ಟು ಫೋಟೋಗಳನ್ನು ಕಳಿಸಿದ್ದಳು. ಪರ್ತ್‌ನಿಂದ ಸುಮಾರು 270 ಕಿ.ಮೀ. ದೂರದ ಮಾರ್ಗರೆಟ್ ರಿವರ್ ಎಂಬಲ್ಲಿ ಗಂಡ, ಮಕ್ಕಳೊಂದಿಗೆ ಡೇರೆ ಹಾಕಿ ಮೂರು ರಾತ್ರಿ ಕಳೆದರಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಾಲು ಸಾಲು ದ್ರಾಕ್ಷಿ ತೋಟ. ಆ ಪ್ರದೇಶ ಹೆಸರು ಮಾಡಿರುವುದೇ ವೈನ್‌ಗೆ. "ನಾವು ಸಮುದ್ರದ ಕಡೆಗೇ ಮುಖ ಮಾಡಿ ಕೂತಿದ್ದೆವು ಭಾಬಿ" ಎಂದು ಫೋನಿನಲ್ಲಿ ನಕ್ಕಳು.

ಫೋಟೋ ನೋಡಿದ್ದೇ ತಡ, ನಮ್ಮ ಮಕ್ಕಳಿಗೂ ಡೇರೆ ಬೇಕಾಯಿತು. ನನಗಾದರೋ ಡೇರೆ ಎಂದರೆ ಮೊದಲು ಕಾಣುವುದು ಒಲೆ. ಪಿಕ್‌ನಿಕ್ ಎಂದು ಹೊರಟಾಗಲೆಲ್ಲ ಹಿಂದಿನ ರಾತ್ರಿ ಹನ್ನೆರಡರವರೆಗೆ ಡಬ್ಬಿ ತುಂಬುವವರು ನಾವು, ಅಲ್ಲಿ ಹೋಗಿ ಬಡಿಸುವವರು ನಾವು, ಮರಳಿ ಬಂದು ಪಾತ್ರೆ ತಿಕ್ಕುವವರೂ ನಾವೇ. ಓದುಗ ಸಹೋದರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಎರಡು ಷರತ್ತು ಹಾಕಿದೆ: ಒಲೆ ಗಂಡಸರದ್ದು, ರಾತ್ರಿ ತಂಗುವಲ್ಲಿ ಬಾಗಿಲು, ಚಿಲಕ ಇರುವ ಶೌಚಾಲಯ ಬೇಕು. ನಮ್ಮವರು ಒಪ್ಪಿದರು. ಎಲ್ಲಿಗೆ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಅಷ್ಟು ಹೊತ್ತು ಸುಮ್ಮನೆ ತಸ್ಬೀಹ್ ಎಣಿಸುತ್ತಿದ್ದ ಅತ್ತೆ, "ಗೋಕಾಕಕ್ಕೆ ಹೋಗೋಣ" ಎಂದರು.

ನಮ್ಮ ಅತ್ತೆಯನ್ನು ನಾವೆಲ್ಲ ಅಮ್ಮಿ ಎಂದೇ ಕರೆಯುವುದು. ಅವರ ತಂದೆ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಮದುವೆಯಾಗಿ ಹುಬ್ಬಳ್ಳಿಗೆ ಬರುವವರೆಗೂ ಅಮ್ಮಿ ಬೆಳೆದದ್ದು ಅಲ್ಲಿಯೇ.

ಅಕ್ಟೋಬರ್ ರಜೆಯಲ್ಲಿ ಹೊರಟೆವು. ಧಾರವಾಡ, ಸವದತ್ತಿ, ಯರಗಟ್ಟಿ ದಾಟಿ ಗೋಕಾಕ ತಲುಪುವಾಗ ಮಧ್ಯಾಹ್ನ. ದೂರ ನೂರು ಕಿ.ಮೀ. ಮೀರಿದ್ದರಿಂದ ಝುಹರ್ ಕಸ್ರ್ ಮಾಡಿದೆವು. ಗೋಕಾಕದಿಂದ ಜಲಪಾತಕ್ಕೆ ಸುಮಾರು ಆರು ಕಿ.ಮೀ.

ದಾರಿಯಲ್ಲಿ ಮಗಳು ಕೇಳಿದಳು, "ದಾದಿ, ನೀವು ದಿನಾಲೂ ಫಾಲ್ಸ್ ನೋಡುತ್ತಿದ್ದಿರಾ?" ಅಮ್ಮಿ ತಲೆಯಾಡಿಸಿದರು. "ಕೇಳಿದ್ದೇನೆ. ಮಳೆಗಾಲದಲ್ಲಿ ಮನೆಯ ಪಾತ್ರೆಗಳು ಅದುರುತ್ತಿದ್ದವು. ಹತ್ತಿರ ಹೋಗಿ ನೋಡಿಲ್ಲ. ಅಬ್ಬಾ ಹುಡುಗಿಯರನ್ನು ಆ ಕಡೆ ಬಿಡುತ್ತಿರಲಿಲ್ಲ." ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಇಪ್ಪತ್ತು ವರ್ಷದಿಂದ ಅವರ ಸೊಸೆಯಾಗಿರುವ ನನಗೂ ಇದು ಗೊತ್ತಿರಲಿಲ್ಲ.

ಘಟಪ್ರಭಾ ನದಿ ಇಲ್ಲಿ ಕುದುರೆ ಲಾಳದಾಕಾರದ ಬಂಡೆಯ ಅಂಚಿನಿಂದ ಸುಮಾರು 170 ಅಡಿ ಕೆಳಗೆ ಧುಮುಕುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅಂಚಿನ ಉದ್ದಕ್ಕೂ ಕೆಂಪು ನೀರು. ನಾವು ಹೋದಾಗ ಅಷ್ಟಿರಲಿಲ್ಲ, ಮೂರ್ನಾಲ್ಕು ಕವಲಾಗಿ ಬೆಳ್ಳಗೆ ಬೀಳುತ್ತಿತ್ತು. ಆದರೂ ಸುಬ್‌ಹಾನಲ್ಲಾಹ್! ದಂಡೆಯಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ದೇವಾಲಯವಿದೆ, ಅದರಾಚೆ ಗಿರಣಿಯ ಕಟ್ಟಡಗಳು. 1887ರಲ್ಲಿ ನೂಲು ತೆಗೆಯಲು ಆರಂಭಿಸಿದ ಗಿರಣಿ ಇದು. ನೀರು ಬೀಳುವ ರಭಸದಿಂದಲೇ ಅದರ ಯಂತ್ರಗಳನ್ನು ತಿರುಗಿಸಿದರು. ದೇಶದಲ್ಲಿ ಜಲಶಕ್ತಿಯಿಂದ ವಿದ್ಯುತ್ ತೆಗೆದ ಮೊದಮೊದಲ ಸ್ಥಳಗಳಲ್ಲಿ ಗೋಕಾಕದ ಹೆಸರಿದೆ.

ನದಿಯ ಮೇಲೆ 200 ಮೀಟರಿನಷ್ಟು ಉದ್ದದ ತೂಗುಸೇತುವೆಯಿದೆ. ಅಮ್ಮಿಗೆ ಅದನ್ನು ದಾಟುವ ಆಸೆ. ಆ ದಿನ ಅದಕ್ಕೆ ಬೀಗ ಹಾಕಿತ್ತು. ಕಾವಲಿನವರು, "ಇವತ್ತ ಬಿಡೂದಿಲ್ರಿ ಅಮ್ಮಾರ" ಎಂದರು. ಅಮ್ಮಿ ಸರಳಿನ ಗೇಟಿಗೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. "ನನ್ನ ಅಣ್ಣಂದಿರು ಇದರ ಮೇಲೆ ಓಡುತ್ತಿದ್ದರು" ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ನಮ್ಮ ಚಿಕ್ಕವನು ಮೊಬೈಲ್ ಹಿಡಿದು ಬಂಡೆಯ ಅಂಚಿನತ್ತ ಹೊರಟಿದ್ದ. ಪಾಚಿಗಟ್ಟಿದ ಕಲ್ಲು, ಇಲ್ಲಿ ಜಾರಿ ಜೀವ ಕಳೆದುಕೊಂಡವರಿದ್ದಾರೆ. ಅಮ್ಮಿ ಕೂಗಿದ ಕೂಗಿಗೆ ನೀರಿನ ಸದ್ದೂ ಅಡಗಿದಂತಾಯಿತು. ಹುಡುಗ ಮರಳಿದ, ನನ್ನ ಕೈಕಾಲು ಮಾತ್ರ ಬಹಳ ಹೊತ್ತು ನಡುಗುತ್ತಿದ್ದವು. ಅಮ್ಮಿಯ ಅಬ್ಬಾ ಹೆದರಿದ್ದು ಸುಳ್ಳೇನಲ್ಲ. ಆದರೆ ಗಂಡು ಮಕ್ಕಳೂ ಜಾರುತ್ತಾರಲ್ಲ, ಅವರನ್ನೇಕೆ ತಡೆಯಲಿಲ್ಲ? ಇದನ್ನು ಅಮ್ಮಿಯ ಮುಂದೆ ಹೇಳಲು ಮನಸ್ಸಾಗಲಿಲ್ಲ. ಅಂಚಿನಿಂದ ದೂರ, ಸಮತಟ್ಟಾದ ಬಂಡೆಯ ಮೇಲೆ ಚಾಪೆ ಹಾಸಿ ಅಸರ್ ನಮಾಝ್ ಮಾಡಿದೆವು. ಸಲಾಮ್ ಹೇಳಿದ ಮೇಲೂ ಅಮ್ಮಿ ಏಳಲಿಲ್ಲ. ನೀರನ್ನೇ ನೋಡುತ್ತ ಕೂತರು, ಮಗ್ರಿಬ್ ಹತ್ತಿರ ಬರುವವರೆಗೆ.

ರಾತ್ರಿಯ ತಂಗುದಾಣ ಮೂಡಲಗಿ ಕಡೆಯ ಒಂದು ಹೊಲ, ನಮ್ಮವರ ಗೆಳೆಯರದು. ಗೋಕಾಕ ತಾಲೂಕಿನ ಭಾಗವಾಗಿದ್ದ ಮೂಡಲಗಿ 2018ರಲ್ಲಿ ಪ್ರತ್ಯೇಕ ತಾಲೂಕಾಯಿತು. ಸುತ್ತಲೂ ಕಬ್ಬು. ನಾದಿನಿಯ ದ್ರಾಕ್ಷಿ ತೋಟದ ಬದಲಿಗೆ ನಮಗೆ ಕಬ್ಬಿನ ಗದ್ದೆ ಎಂದು ಮಕ್ಕಳು ನಕ್ಕರು. ಕಬ್ಬೇನು ಸಾಚಾ ಅಲ್ಲ ಎಂದೆ ನಾನು. ಸಕ್ಕರೆ ಕಾರ್ಖಾನೆಯ ಕಾಕಂಬಿ ಮದ್ಯಸಾರಕ್ಕೂ ಹೋಗುತ್ತದೆ. ಅದೇ ಕಬ್ಬು ಗಾಣದ ಕೊಪ್ಪರಿಗೆಯಲ್ಲಿ ಕುದಿದರೆ ಬೆಲ್ಲ. ವಿಜಯಪುರದ ಕಡೆ ದ್ರಾಕ್ಷಿಯನ್ನು ನೆರಳಿನಲ್ಲಿ ಒಣಗಿಸಿ ಮನುಕ ಮಾಡುವುದಿಲ್ಲವೇ? ಹಾಗೆ.

ಹೊಲದವರದು ಶಾಕಾಹಾರಿ ಮನೆ. ಬಿರಿಯಾನಿಯ ಆಸೆ ಬಿಟ್ಟು ಖಿಚಡಿ ಸಾಕೆಂದೆವು. ನಮ್ಮವರು, ದೊಡ್ಡ ಮಗ ಸೇರಿ ಮೂರು ಕಲ್ಲಿನ ಒಲೆ ಹೂಡಿದರು. ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಅಪ್ಪ, ಮಗ ಪಡುತ್ತಿದ್ದ ಪಾಡು ನೋಡಿ ನಾನು ಎರಡು ಸಲ ಎದ್ದೆ, ಅಮ್ಮಿ ಎರಡು ಸಲವೂ ನನ್ನ ಸೆರಗು ಹಿಡಿದು ಕೂರಿಸಿದರು. ಖಿಚಡಿ ತಳ ಹಿಡಿಯಿತು. ಹೊಲದ ಮನೆಯ ಅಕ್ಕ ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು, "ಹೊಟ್ಟಿ ತುಂಬಾ ಉಣ್ರಿ ಅಕ್ಕಾರ" ಎಂದು ನಮ್ಮೊಡನೆ ಕೂತರು. 2019ರ ಆಗಸ್ಟ್‌ನ ನೆರೆಯ ಮಾತು ಬಂತು. ಲೋಳಸೂರ ಸೇತುವೆ ಮುಳುಗಿದ್ದು, ಗೋಕಾಕದ ಮನೆಗಳಿಗೆ ನೀರು ನುಗ್ಗಿದ್ದು. ದನಗಳನ್ನು ಬಿಚ್ಚಿ ಓಡಿಸಿ ತಾವು ಉಟ್ಟ ಸೀರೆಯಲ್ಲೇ ಹೊರಟೆವೆಂದರು. ಜಲಪಾತದಲ್ಲಿ ಅಷ್ಟು ಚೆಂದ ಕಂಡ ನೀರೇ ಅದು.

ಡೇರೆಯಲ್ಲಿ ಮಕ್ಕಳು ಮಲಗಿದರು. ಸೊಂಟ ನೋವಿನ ನಾನು, ಅಮ್ಮಿ ಹೊಲದ ಮನೆಯ ಕಟ್ಟೆಯಲ್ಲಿ.

ಮರುದಿನ ಪಶ್ಚಿಮಕ್ಕೆ, ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯಕ್ಕೆ. ಅದೇ ಘಟಪ್ರಭೆಗೆ ಕಟ್ಟಿದ ಈ ರಾಜಾ ಲಖಮಗೌಡ ಜಲಾಶಯ ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿಂದ ಹುಕ್ಕೇರಿ ಪಟ್ಟಣ. 'ಹೂವಿನ ಕೇರಿ'ಯೇ ಹುಕ್ಕೇರಿಯಾಯಿತು, ಇಲ್ಲಿನ ಗುಲಾಬಿ ಬಿಜಾಪುರದ ಆದಿಲ್‌ಶಾಹಿಗಳಿಗೆ ಹೋಗುತ್ತಿತ್ತು ಎಂದು ಹೇಳುತ್ತಾರೆ. ಆ ಕಾಲದ ಮೂರು ಗುಂಬಜ್‌ಗಳು ಇಲ್ಲಿವೆ. ಒಳಗೆ ಹೋದರೆ ತಂಪು. ಪಿಸುಮಾತೂ ಮೇಲೇರಿ ಮರಳುತ್ತದೆ. ನನ್ನ ಮನಸ್ಸು ನಿಂತದ್ದು ಕಾರಂಜಿಯ ಕಥೆಯಲ್ಲಿ. ಹದಿನಾರನೆಯ ಶತಮಾನದಲ್ಲೇ ನೆಲದಡಿಯ ಕಾಲುವೆಯಲ್ಲಿ ಊರೊಳಗೆ ನೀರು ತಂದಿದ್ದರಂತೆ. ಎಷ್ಟು ಹೆಂಗಸರ ತಲೆಯ ಮೇಲಿನ ಕೊಡ ಇಳಿದಿರಬೇಕು!

ಮರಳುವಾಗ ಗೋಕಾಕದಲ್ಲಿ ಕರದಂಟು ಕೊಂಡೆವು. ಅಂಟನ್ನು ತುಪ್ಪದಲ್ಲಿ ಕರಿದು ಬೆಲ್ಲ, ಒಣ ಕೊಬ್ಬರಿ, ಗೋಡಂಬಿ, ಬಾದಾಮಿ ಸೇರಿಸಿ ಮಾಡುವ ಸಿಹಿ. ನಮ್ಮ ಕಡೆ ಬಾಣಂತಿಯರಿಗೆ ಇಂಥದ್ದೇ ಅಂಟಿನ ಉಂಡೆ ಕೊಡುತ್ತೇವೆ. ಅಮ್ಮಿ ಅಂಗಡಿಯ ಮುಂದೆಯೇ ಪರ್ತ್‌ಗೆ ಫೋನ್ ಹಚ್ಚಿಸಿದರು. "ಫಾಲ್ಸ್ ನೋಡಿದೆ ಮಗಳೇ" ಎಂದರು. ಆಕೆ ಏನೋ ಕೇಳಿರಬೇಕು. "ಇಲ್ಲ, ಸೇತುವೆ ದಾಟಲಿಲ್ಲ. ಬೀಗ ಹಾಕಿತ್ತು. ನೀನು ಜುಲೈನಲ್ಲಿ ಬಾ, ಆಗ ಕೆಂಪು ನೀರು ಬರುತ್ತದೆ. ಇನ್‌ಶಾ ಅಲ್ಲಾಹ್ ಬೀಗವೂ ತೆಗೆದಿರುತ್ತಾರೆ."