ಗೂಗಲ್‌ನಲ್ಲಿ ಚಿಕ್ಕಮ್ಮನ ಉಪ್ಪಿನಕಾಯಿ

ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಪ್ರಿಂಟರ್ ರಿಪೇರಿಯಿಂದ ಹಿಡಿದು ರೈಲ್ವೆ ಟಿಕೆಟ್ಟಿನವರೆಗೆ ಎಲ್ಲಾ ಗೊತ್ತಿರಬೇಕು ಅನ್ನೋದು ನಮ್ಮ ನೆಂಟರಿಷ್ಟರ ನಂಬಿಕೆ. ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರೋ ಚಿಕ್ಕಮ್ಮ, "ನಮ್ಮ ವೆಬ್‌ಸೈಟು ಗೂಗಲ್‌ನಲ್ಲಿ ಮೊದಲನೇದು ಬರ್ತದಂತೆ, ಆದ್ರೆ ಒಂದು ಆರ್ಡರೂ ಇಲ್ವಲ್ಲೋ" ಅಂದಾಗ ಆ ಕೇಸೂ ನನ್ನ ತಲೆಗೇ ಬಂತು.

ಮೊದಲನೇದು ಬರೋದೇನೋ ನಿಜ. ಯಾವುದೋ ಕಂಪನಿಯವರು ಇಪ್ಪತ್ತು ಸಾವಿರ ತಗೊಂಡು "ಫಸ್ಟ್ ಪ್ಲೇಸ್ ಗ್ಯಾರಂಟಿ" ಅಂದಿದ್ರು. ತೋರಿಸಿದ್ದು ಮಾತ್ರ ಅಂಗಡಿ ಹೆಸರನ್ನೇ ಟೈಪ್ ಮಾಡಿ! ಆ ಹೆಸರಿನ ಅಂಗಡಿ ಇರೋದೇ ಒಂದು, ಇನ್ಯಾರು ಬರ್ಬೇಕು ಹೇಳಿ? ಹೆಸರು ಗೊತ್ತಿರೋರು ಹೇಗೂ ಫೋನ್ ಮಾಡ್ತಾರೆ. ನಮಗೆ ಬೇಕಾಗಿರೋದು ಹೆಸರೇ ಕೇಳದೋರು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ಲೇ ತನ್ನ ಸೂಚನೆಗಳಲ್ಲಿ ಬರೆದಿದೆ. ಆ ಇಪ್ಪತ್ತು ಸಾವಿರ ಮಿಡಿ ಕೊಳ್ಳೋಕೆ ಇಟ್ಟಿದ್ದ ದುಡ್ಡು. ಈ ವರ್ಷವೂ ಹೀಗೇ ಆದ್ರೆ ಕೆಲಸಕ್ಕೆ ಬರೋ ಇಬ್ಬರನ್ನ ಬಿಡಿಸಬೇಕು ಅಂದ್ಲು.

ಸೈಟ್ ತೆರೆದು ನೋಡಿದೆ. ಚೆಂದದ ಬಣ್ಣ, ಆದ್ರೆ ಬರಹವೆಲ್ಲಾ ಚಿತ್ರದೊಳಗೆ. ಸರ್ಚ್ ಇಂಜಿನ್ ಮುಖ್ಯವಾಗಿ ಓದೋದು ಪುಟದಲ್ಲಿರೋ ಅಕ್ಷರಗಳನ್ನ. ಒಂದು ಪುಟ ಹಳೇ ನುಡಿ ಫಾಂಟಿನಲ್ಲಿತ್ತು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಒಳಗಡೆ ಕೀವರ್ಡ್ ಟ್ಯಾಗಿನಲ್ಲಿ ನೂರಾರು ಪದ ತುರುಕಿದ್ರು. ಅದನ್ನ ರ‍್ಯಾಂಕಿಂಗ್‌ಗೆ ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಜೊತೆಗೆ ದುಡ್ಡು ಕೊಟ್ಟು ತಂದ ಲಿಂಕುಗಳು. 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಬರೆದ ಪೇಜ್‌ರ‍್ಯಾಂಕ್‌ನ ತಿರುಳು ಸರಳ: ಲಿಂಕ್ ಅಂದ್ರೆ ಶಿಫಾರಸು, ಶಿಫಾರಸು ಮಾಡಿದೋರ ತೂಕವೂ ಲೆಕ್ಕಕ್ಕೆ. ಶಿಫಾರಸನ್ನ ಮಾರೋರು ಹುಟ್ಟಿಕೊಂಡ್ರು, 2012ರ ಪೆಂಗ್ವಿನ್ ಅಪ್‌ಡೇಟ್ ಬಂದಿದ್ದೇ ಅಂಥಾ ಲಿಂಕುಗಳಿಗೆ ಕಡಿವಾಣ ಹಾಕೋಕೆ. ಇಷ್ಟು ವರ್ಷ ಆದ್ಮೇಲೂ ಅದೇ ಸರಕು ಮಾರ್ತಾರಲ್ಲ, ಧೈರ್ಯ ಮೆಚ್ಚಬೇಕು.

"ಗೊತ್ತಿಲ್ಲದೋರು ಫೋನ್ ಮಾಡಿ ಏನು ಕೇಳ್ತಾರೆ ಚಿಕ್ಕಮ್ಮಾ?"

"ಎಣ್ಣೆ ಹಾಕ್ತೀರಾ, ಎಷ್ಟು ವರ್ಷ ಕೆಡಲ್ಲ, ಜೀರಿಗೆ ಪರಿಮಳದ್ದಾ, ಬರೀ ಉಪ್ಪಿನಲ್ಲಿ ಹಾಕಿಟ್ಟ ಮಿಡಿ ಸಿಗ್ತದಾ..."

ಒಂದೊಂದು ಪ್ರಶ್ನೆಗೆ ಒಂದೊಂದು ಪುಟ. ಅವಳು ಹೇಳ್ತಾ ಹೋದ್ಲು, ನಾನು ಯೂನಿಕೋಡಿನಲ್ಲಿ ಕುಟ್ಟುತ್ತಾ ಹೋದೆ. ತೊಟ್ಟಿನ ಸಮೇತ ಯಾಕೆ ಕೊಯ್ಯಬೇಕು, ನೆಲಕ್ಕೆ ಬಿದ್ದ ಮಿಡಿ ಯಾಕೆ ಬೇಡ ಅನ್ನೋದಕ್ಕೇ ಮುಕ್ಕಾಲು ಗಂಟೆ! ಅಷ್ಟು ವಿಷಯ ಆ ಕಂಪನಿಯವರಿಗೆ ಬಿಟ್ಟಿಯಾಗಿ ಸಿಕ್ತಿತ್ತು, ಯಾರೂ ಕೇಳಿರಲಿಲ್ಲ. ಇಂಗ್ಲಿಷಿನಲ್ಲೂ ಬರೆದ್ವಿ, ಬೆಂಗಳೂರಲ್ಲಿರೋ ಎಷ್ಟೋ ಜನ ಹುಡುಕೋದು ಹಾಗೇ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಜಾಗ, ಸಮಯ ಸರಿಮಾಡಿದೆ.

ನಾಲ್ಕು ತಿಂಗಳ ಮೇಲೆ ಸರ್ಚ್ ಕನ್ಸೋಲ್ ನೋಡಿದ್ವಿ. ಮೊದಲನೇ ಸ್ಥಾನ ಇಲ್ಲ, ಏಳೋ ಎಂಟೋ. ಆದ್ರೆ ಜನ ಬಂದಿದ್ದು "ಟೆಂಡರ್ ಮ್ಯಾಂಗೋ ಪಿಕಲ್ ವಿದೌಟ್ ಆಯಿಲ್" ಅಂತೆಲ್ಲಾ ಹುಡುಕಿ, ಅಂಗಡಿ ಹೆಸರಿಂದಲ್ಲ. ಹದಿನೆಂಟು ಆರ್ಡರ್ ಬಂತು. 2024ರಿಂದ ಗೂಗಲ್ ಎಷ್ಟೋ ಪ್ರಶ್ನೆಗೆ ಮೇಲ್ಗಡೆ ತಾನೇ ಉತ್ತರ ಬರೆದುಕೊಡ್ತಿದೆ, ಅದನ್ನೋದಿ ಎದ್ದು ಹೋಗೋರನ್ನ ಏನು ಮಾಡೋದೋ! ಕೆಲಸದ ಇಬ್ಬರೂ ಸದ್ಯಕ್ಕಿದ್ದಾರೆ.

ಅಂದ ಹಾಗೆ, ನಿಮ್ಮ ಕಡೆ ಮಿಡಿ ಉಪ್ಪಿನಕಾಯಿಗೆ ಏನಂತೀರಿ? ಹೇಳಿ, ಇನ್ನೊಂದು ಪುಟ ಬರೆಸ್ತೀನಿ :)