ಪಕ್ಕೆಯ ಚಳುಕು

ದೇಹದ ನೋವುಗಳಲ್ಲಿ ಎದೆಯ ನೋವಿನಷ್ಟು ಭೀತಿಯನ್ನುಂಟುಮಾಡುವುದು ಮತ್ತೊಂದಿಲ್ಲ. ಅದರಷ್ಟು ಅಲಕ್ಷ್ಯಕ್ಕೆ ಗುರಿಯಾಗುವುದೂ ಮತ್ತೊಂದಿಲ್ಲ. ಗಂಡಸಿಗೆ ಬಂದರೆ ಭೀತಿ, ಹೆಂಗಸಿಗೆ ಬಂದರೆ ಅಲಕ್ಷ್ಯ. ಇದು ಬಹು ಮನೆಗಳ ವಾಡಿಕೆ. ಯಜಮಾನನು ಎದೆಯನ್ನು ಒತ್ತಿಕೊಂಡರೆ ನೆರೆಹೊರೆಯೆಲ್ಲ ಕೂಡುವುದು. ಯಜಮಾನಿಯು ಒತ್ತಿಕೊಂಡರೆ ಅವಳೇ ಎದ್ದು ಜೀರಿಗೆಯ ಕಷಾಯವನ್ನು ಕಾಸಿಕೊಳ್ಳಬೇಕು. "ಏನಮ್ಮಾ, ನೋವೆ?" ಎಂದು ಮಗಳು ಕೇಳಿದರೆ, "ಏನಿಲ್ಲ ಮಗೂ, ವಾಯು ಹಿಡಿದಿದೆ" ಎಂಬ ಉತ್ತರವು ಸಿದ್ಧವಾಗಿರುತ್ತದೆ. ಆ ಒಂದು ಮಾತಿನ ಮರೆಯಲ್ಲಿ ಎಷ್ಟು ಬಗೆಯ ವ್ಯಾಧಿಗಳು ಅಡಗಿರಬಹುದೆಂಬುದನ್ನು ಮನೆಮಂದಿಯೆಲ್ಲ ಅರಿತಿರುವುದು ಹಿತ.

ಎದೆಯ ಗೂಡು 12 ಜೊತೆ ಪಕ್ಕೆಲುಬುಗಳಿಂದಾದುದು. ಮೇಲಿನ 7 ಜೊತೆಗಳು ಮೃದುವಾದ ಎಲುಬಿನ ಮೂಲಕ ಎದೆಯ ನಡುವಣ ಮೂಳೆಯನ್ನು ನೇರವಾಗಿ ಸೇರುತ್ತವೆ. ಉಸಿರಾಡಿದಾಗಲೆಲ್ಲ ಈ ಗೂಡು ಹಿಗ್ಗಿ ಕುಗ್ಗಬೇಕಾದುದರಿಂದ ಆ ಸಂಧಿಗಳಿಗೆ ವಿಶ್ರಾಂತಿಯೆಂಬುದಿಲ್ಲ. ಬಹುದಿನದ ಕೆಮ್ಮಿನಿಂದಲೋ, ಭಾರವನ್ನು ಎತ್ತಿದುದರಿಂದಲೋ, ಒಮ್ಮೊಮ್ಮೆ ಯಾವ ಕಾರಣವೂ ತೋರದೆಯೋ ಅವು ಉರಿಗೊಂಡು ಸೂಜಿಯಿಂದ ಚುಚ್ಚಿದಂತೆ ನೋಯುತ್ತವೆ. ಬೆರಳಿನಿಂದ ಒತ್ತಿದರೆ ಅದೇ ಸ್ಥಳದಲ್ಲಿ ಅದೇ ನೋವು ಹೆಚ್ಚುವುದು ಇದರ ಲಕ್ಷಣ. ಆ ಸ್ಥಳವು ಊದಿಕೊಳ್ಳುವ ಒಂದು ಬಗೆಯನ್ನು ಟೀಟ್ಸ ಎಂಬ ಜರ್ಮನ್ ಶಸ್ತ್ರವೈದ್ಯನು 1921ರಲ್ಲಿ ವಿವರಿಸಿದನು. ಇದು ಪ್ರಾಣಕ್ಕೆ ಎರವಾಗುವಂತಹುದಲ್ಲ. ಶಾಖ, ವಿಶ್ರಾಂತಿ, ವೈದ್ಯರು ಕೊಟ್ಟ ನೋವಿನ ಮದ್ದು, ಇವುಗಳಿಂದ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಶಮನವಾಗುವುದು.

ಮುಟ್ಟು ನಿಂತ ಮೇಲೆ ಎಲುಬುಗಳು ಸವೆದು ಟೊಳ್ಳಾಗುವ ಸಂಭವ ಹೆಚ್ಚು. ಆಗ ಬಲವಾದ ಒಂದು ಕೆಮ್ಮಿಗೇ ಪಕ್ಕೆಲುಬು ಬಿರಿಯಬಹುದು. ಪಿತ್ತಕೋಶದ ಕಲ್ಲು ಗಂಡಸರಿಗಿಂತ ಹೆಂಗಸರಲ್ಲಿ ಅಧಿಕ. ಎಣ್ಣೆ ತುಪ್ಪದ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಹುಟ್ಟಿದ ನೋವು ಬಲಹೆಗಲಿನವರೆಗೂ ಹಬ್ಬುವುದು. ಒಂದು ಪಕ್ಕದಲ್ಲಿ ಮಾತ್ರ ಪಟ್ಟಿ ಕಟ್ಟಿದಂತೆ ಉರಿದು, ಎರಡು ಮೂರು ದಿನಗಳಾದ ಮೇಲೆ ಗುಳ್ಳೆಗಳೆದ್ದರೆ ಅದು ಸರ್ಪಸುತ್ತು. ಹಾವಿನ ತಲೆಯೂ ಬಾಲವೂ ಕೂಡಿದರೆ ಸಾವು ನಿಶ್ಚಯವೆಂದು ಹಿಂದಿನವರು ಅಂಜುತ್ತಿದ್ದರು. ಆ ಅಂಜಿಕೆಗೆ ಆಧಾರವಿಲ್ಲ. ಆದರೆ ಗುಳ್ಳೆ ಕಂಡ 3 ದಿನಗಳೊಳಗೆ ಮದ್ದು ತೊಡಗಿದರೆ ಫಲ ಹೆಚ್ಚೆಂಬುದು ದಿಟ.

ಇಷ್ಟರವರೆಗಿನ ನೋವುಗಳು ನಾಳೆಯವರೆಗೆ ಕಾದಾವು. ಕಾಯದಿರುವ ನೋವುಗಳೂ ಉಂಟು. ಬಸುರಿಗೆ 5 ತಿಂಗಳು ಕಳೆದ ಮೇಲೆ ಬಲಪಕ್ಕೆಯ ಕೆಳಗೆ ನೋವು, ತಲೆಸಿಡಿತ, ಕಣ್ಣು ಮಂಜಾಗುವಿಕೆ, ಮುಖದ ಬಾವು ತೋರಿದರೆ, ಅದನ್ನು ಕೂಸಿನ ಒದೆತವೆಂದು ತಳ್ಳಿಹಾಕಲಾಗದು. ರಕ್ತದ ಒತ್ತಡವೇರಿ ತಾಯಿ ಮಗು ಇಬ್ಬರಿಗೂ ಅಪಾಯ ಒದಗಿರಬಹುದು. ಬಾಣಂತಿಯು ಅಲುಗಾಡದೆ ಮಲಗಿರುವಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಮೇಲಕ್ಕೆ ಹರಿದು ಶ್ವಾಸಕೋಶದ ನಾಳವನ್ನು ಮುಚ್ಚುವುದುಂಟು. ಥಟ್ಟನೆ ಉಸಿರು ಸಾಲದಾಗಿ, ಉಸಿರೆಳೆದಾಗಲೆಲ್ಲ ಪಕ್ಕೆಯು ಇರಿದಂತಾಗುವುದು ಇದರ ಗುರುತು. ಗರ್ಭನಿರೋಧಕ ಮಾತ್ರೆಗಳಲ್ಲಿ ಕೆಲವನ್ನು ಸೇವಿಸುವವರಿಗೂ, ಶಸ್ತ್ರಚಿಕಿತ್ಸೆಯಾದವರಿಗೂ ಇದರ ಭಯವುಂಟು.

ಇನ್ನು ಹೃದಯದ ಮಾತು. ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಹೆಬರ್ಡನ್ 1768ರಲ್ಲಿ ಹೃದ್ರೋಗದ ಎದೆನೋವನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದನು. ಅವನು ಕಂಡ ಸುಮಾರು 100 ಮಂದಿ ರೋಗಿಗಳಲ್ಲಿ ಹೆಂಗಸರು ಮೂವರೇ. ಇದು ಗಂಡಸರ ರೋಗವೆಂಬ ಭಾವನೆಯು ಬಹುಕಾಲ ಉಳಿಯಿತು. ವೈದ್ಯಶಾಸ್ತ್ರವು ಅದನ್ನು ಕೈಬಿಟ್ಟರೂ ಮನೆಗಳು ಇನ್ನೂ ಬಿಟ್ಟಿಲ್ಲ. ಹೃದಯಾಘಾತದಲ್ಲಿ ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಅದರೊಡನೆ ವಾಕರಿಕೆ, ಏದುಸಿರು, ಬೆನ್ನಿನ ಅಥವಾ ದವಡೆಯ ನೋವು, ಅತಿಯಾದ ಆಯಾಸ ಇವು ಅವರಲ್ಲಿ ಹೆಚ್ಚಾಗಿ ಬೆರೆಯುವುದರಿಂದ ಅಜೀರ್ಣವೆಂಬ ಭ್ರಮೆ ಸುಲಭವಾಗಿ ಹುಟ್ಟುವುದು. ಜಪಾನಿನ ವೈದ್ಯರು 1990ರಲ್ಲಿ ಮತ್ತೊಂದು ಸಂಗತಿಯನ್ನು ಪ್ರಕಟಿಸಿದರು: ಸಹಿಸಲಾರದ ದುಃಖ ಅಥವಾ ಆಘಾತದಿಂದ ಹೃದಯದ ಒಂದು ಭಾಗವು ತಾತ್ಕಾಲಿಕವಾಗಿ ಸೋತು ಉಬ್ಬುವುದು. ಆ ಆಕಾರವು ಅಷ್ಟಪದಿಯನ್ನು ಹಿಡಿಯುವ ಮಡಕೆಯನ್ನು ಹೋಲುವುದರಿಂದ ಅದಕ್ಕೆ 'ತಕೊತ್ಸುಬೊ' ಎಂದು ಹೆಸರಾಯಿತು. ಇದಕ್ಕೆ ತುತ್ತಾಗುವವರಲ್ಲಿ ಬಹುಮಂದಿ ಮುಟ್ಟು ನಿಂತ ಹೆಂಗಸರು. ಎದೆಯೊಡೆಯಿತೆಂಬ ಮಾತು ಬರಿಯ ಅಲಂಕಾರವಲ್ಲವಷ್ಟೆ!

ಉಸಿರಿನೊಡನೆ ಏರಿಳಿಯುವ, ಬೆರಳಿಗೆ ಸಿಕ್ಕುವ ಚಳುಕು ಹೃದಯದ್ದಾಗಿರುವ ಸಂಭವ ಕಡಿಮೆ. ಇಲ್ಲವೇ ಇಲ್ಲವೆಂದು ಹೇಳಲಾಗದು. ಆದುದರಿಂದ ಹೊಸದಾಗಿ ಬಂದ ಎದೆನೋವನ್ನು ಅಡುಗೆಮನೆಯಲ್ಲಿ ತೀರ್ಮಾನಿಸುವುದು ತರವಲ್ಲ. ನೋವಿನೊಡನೆ ಏದುಸಿರು, ತಣ್ಣನೆಯ ಬೆವರು, ತಲೆಸುತ್ತು ಕಂಡರೆ, ಅಥವಾ ನೋವು ತೋಳಿಗೋ ದವಡೆಗೋ ಹರಿದರೆ, ಕಷಾಯ ಕಾಯುವವರೆಗೂ ಕಾಯದೆ 108ಕ್ಕೆ ಕರೆ ಕಳುಹಿಸಬೇಕು. ಇ.ಸಿ.ಜಿ. ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ.

ಮನೆಯವರೆಲ್ಲರ ಊಟವಾದ ಮೇಲೆ ಎಲೆ ಹಾಕಿಕೊಳ್ಳುವವಳು, ಎಲ್ಲರ ಕಾಯಿಲೆಯೂ ತೀರಿದ ಮೇಲೆ ತನ್ನ ಕಾಯಿಲೆಯನ್ನು ಎಣಿಸುತ್ತಾಳೆ. ಅವಳ ತಾಳ್ಮೆಯನ್ನು ಕೊಂಡಾಡುವುದಕ್ಕಿಂತ, "ಎಲ್ಲಿ ನೋವು? ಎಂದಿನಿಂದ? ನಡೆದರೆ ಹೆಚ್ಚುವುದೆ?" ಎಂದು ಪಕ್ಕದಲ್ಲಿ ಕುಳಿತು ಕೇಳುವುದು ಮೇಲು.